ಮನೆತನದ ಕಂಪನಿಗೆ ಕಂಪನಿ ಸೆಕ್ರೆಟರಿ (ಸಿಎಸ್) ಆಗಿ ಸೇರಿದಾಗ: ಬಳ್ಳಾರಿ, ಕೊಪ್ಪಳ, ರಾಯಚೂರು ಸೀಮೆಯ ಹೊಸಬರಿಗೆ ಮೊದಲ ವರ್ಷದ ಸಮಗ್ರ ಮಾರ್ಗದರ್ಶಿ

ಗಂಗಾವತಿ, ಕಾರಟಗಿ ಕಡೆಯ ರೈಸ್ ಮಿಲ್ಲು, ಗಿಣಿಗೇರಿ ಸುತ್ತಿನ ಸ್ಪಾಂಜ್ ಐರನ್ ಕಾರ್ಖಾನೆ, ರಾಯಚೂರಿನ ಹತ್ತಿ ಜಿನ್ನಿಂಗ್ ಮಿಲ್ಲು, ಸಂಡೂರು ದಾರಿಯ ಅದಿರು ಸಾಗಣೆ ಕಂಪನಿ. ಇಂಥ ಕಂಪನಿಗಳಲ್ಲಿ ಹಲವು ಒಂದೇ ಮನೆತನದ ಕೈಯಲ್ಲಿವೆ. ಅಪ್ಪ ಚೇರ್ಮನ್, ಅಣ್ಣ ಎಂಡಿ, ತಮ್ಮ ಡೈರೆಕ್ಟರ್, ಅತ್ತಿಗೆಯ ಹೆಸರಿನಲ್ಲಿ ಒಂದಿಷ್ಟು ಷೇರು. ತೀರ್ಮಾನಗಳು ರಾತ್ರಿ ಊಟದ ಹೊತ್ತಿಗೆ ಆಗುತ್ತವೆ, ಬೆಳಿಗ್ಗೆ ಮ್ಯಾನೇಜರ್‌ಗೆ ಫೋನಿನಲ್ಲಿ ತಲುಪುತ್ತವೆ, ಕಾಗದಕ್ಕೆ ಬರುವುದು ಬ್ಯಾಂಕಿನವರು ಠರಾವಿನ ನಕಲು ಕೇಳಿದಾಗ.

ಇಂಥ ಕಡೆ ಕಂಪನಿ ಸೆಕ್ರೆಟರಿಯಾಗಿ ಸೇರುವವರಿಗೆ ಮೊದಲ ವಾರ ಕೇಳಿಬರುವ ಮಾತು ಹೆಚ್ಚುಕಡಿಮೆ ಒಂದೇ: "ಎಲ್ಲಾ ನಮ್ ಆಡಿಟರ್ ನೋಡ್ಕೊಂತಾರ್ರೀ, ನೀವು ಸಹಿ ಮಾಡಿದ್ರ ಸಾಕು." ಈ ಮಾರ್ಗದರ್ಶಿ ಆ ಮಾತಿಗೆ ಉತ್ತರ. ಸಿಎಸ್ ಕೆಲಸ ಆದ ತೀರ್ಮಾನಕ್ಕೆ ಕಾಗದ ಹೊಂದಿಸುವುದಲ್ಲ. ತೀರ್ಮಾನಕ್ಕೆ ಮುಂಚೆ ನಿಮ್ಮನ್ನು ಒಂದು ಮಾತು ಕೇಳುವ ರೂಢಿ ತರುವುದು. ಕೆಳಗಿನ ಹಂತಗಳೆಲ್ಲ ಆ ರೂಢಿಯತ್ತ ಸಾಗುವ ದಾರಿಗಳು.

ಹಂತ 1: ಕಾನೂನು ನಿಮ್ಮನ್ನು ಯಾಕೆ ಕರೆಸಿತು ಎಂದು ತಿಳಿದುಕೊಳ್ಳಿ

2013ರ ಕಂಪನಿ ಕಾಯ್ದೆಯ ಕಲಂ 203ರ ಪ್ರಕಾರ ಷೇರುಪೇಟೆಯಲ್ಲಿ ನೋಂದಾಯಿತವಾದ ಪ್ರತಿ ಕಂಪನಿಗೂ, ಪಾವತಿಯಾದ ಷೇರು ಬಂಡವಾಳ 10 ಕೋಟಿ ರೂ. ಅಥವಾ ಅದಕ್ಕೂ ಹೆಚ್ಚಿರುವ ಪಬ್ಲಿಕ್ ಕಂಪನಿಗೂ ಪೂರ್ಣಾವಧಿ ಸಿಎಸ್ ಬೇಕೇಬೇಕು. ಪ್ರೈವೇಟ್ ಕಂಪನಿಗಳಿಗೆ ನೇಮಕ ನಿಯಮಗಳ 8ಎ ಅನ್ವಯ. ಮೊದಲು ಮಿತಿ 5 ಕೋಟಿ ಇತ್ತು, 2020ರಲ್ಲಿ ಅದನ್ನು 10 ಕೋಟಿಗೆ ಏರಿಸಿದರು.

ನಮ್ಮ ಕಡೆ ಈ ಗೆರೆ ದಾಟುವುದು ಸಾಮಾನ್ಯವಾಗಿ ವಿಸ್ತರಣೆಯ ಹೊತ್ತಿನಲ್ಲಿ. ಮಿಲ್ಲಿಗೆ ಇನ್ನೊಂದು ಘಟಕ ಬೇಕು, ಬ್ಯಾಂಕು ಮಾಲೀಕರ ಪಾಲಿನ ಹಣ ಹೆಚ್ಚಿಸಿ ಅನ್ನುತ್ತದೆ, ಮನೆಯವರು ಕೊಟ್ಟ ಹಣವನ್ನು ಷೇರಾಗಿ ಬದಲಿಸುತ್ತಾರೆ. ಬಂಡವಾಳ 10 ಕೋಟಿ ಮುಟ್ಟಿದ್ದು ಆಡಿಟ್ ಹೊತ್ತಿಗೆ ಗಮನಕ್ಕೆ ಬರುತ್ತದೆ. ಸಿಎಸ್ ಇಲ್ಲದಿದ್ದರೆ ಕಂಪನಿಗೆ 5 ಲಕ್ಷ ರೂ. ದಂಡ. ತಪ್ಪಿಗೆ ಹೊಣೆಯಾದ ಡೈರೆಕ್ಟರ್‌ಗಳಿಗೆ ತಲಾ 50 ಸಾವಿರ, ತಪ್ಪು ಮುಂದುವರಿದರೆ ದಿನಕ್ಕೆ ಸಾವಿರದಂತೆ 5 ಲಕ್ಷದವರೆಗೆ. ಅಂದರೆ ನಿಮ್ಮನ್ನು ಕರೆಸಿದ್ದು ಆಡಳಿತ ಸುಧಾರಿಸುವ ಹಂಬಲಕ್ಕಿಂತ ದಂಡದ ಭಯ ಇರಬಹುದು. ಬೇಸರ ಬೇಡ, ಒಳಗೆ ಬಂದ ಮೇಲೆ ಮಾಡುವ ಕೆಲಸ ನಿಮ್ಮದು.

ಇನ್ನೊಂದು ಗೆರೆಯನ್ನು ಇಲ್ಲಿನ ಉಕ್ಕು, ಅಕ್ಕಿ ಉದ್ಯಮಗಳು ಮರೆಯುತ್ತವೆ. ಬ್ಯಾಂಕು ಮತ್ತು ಸಾರ್ವಜನಿಕ ಹಣಕಾಸು ಸಂಸ್ಥೆಗಳ ಬಾಕಿ ಸಾಲ 100 ಕೋಟಿ ರೂ. ಮುಟ್ಟಿದ ಯಾವುದೇ ಕಂಪನಿಗೆ, ಅದು ಪ್ರೈವೇಟ್ ಆದರೂ, ಕಲಂ 204ರ ಸೆಕ್ರೆಟೇರಿಯಲ್ ಆಡಿಟ್ (ಕಾನೂನು ಪಾಲನೆಯ ತಪಾಸಣೆ) ಕಡ್ಡಾಯ. ಅದನ್ನು ಮಾಡುವವರು ಹೊರಗಿನ ಪ್ರಾಕ್ಟೀಸಿಂಗ್ ಸಿಎಸ್, ಅಂದರೆ ಸ್ವತಂತ್ರವಾಗಿ ವೃತ್ತಿ ನಡೆಸುವವರು. ಅವರು ಎಂಆರ್-3 ನಮೂನೆಯಲ್ಲಿ ಕೊಡುವ ವರದಿ ಬೋರ್ಡ್ (ಡೈರೆಕ್ಟರ್‌ಗಳ ಮಂಡಳಿ) ವರದಿಯ ಜೊತೆ ಹೋಗುತ್ತದೆ. ವರ್ಕಿಂಗ್ ಕ್ಯಾಪಿಟಲ್ ಸಾಲವೂ ಈ ಲೆಕ್ಕಕ್ಕೆ ಸೇರುತ್ತದೆ. ಭತ್ತದ ಖರೀದಿಯ ಕಾಲದಲ್ಲಿ ಸಾಲದ ಬಾಕಿ ಹೇಗೆ ಉಬ್ಬುತ್ತದೆ ಎಂದು ನೋಡಿದವರಿಗೆ ಇದು ದೂರದ ಗೆರೆ ಅಲ್ಲ ಅನ್ನುವುದು ಗೊತ್ತು.

ಹಂತ 2: ನಿಮ್ಮ ನೇಮಕವನ್ನೇ ಮೊದಲು ಸರಿಯಾಗಿ ಮಾಡಿಸಿಕೊಳ್ಳಿ

ಮಾತಿನ ಮೇಲೆ ಸೇರಬೇಡಿ. ನೇಮಕ ಬೋರ್ಡ್ ಸಭೆಯಲ್ಲಿ, ಸಂಬಳ ಮತ್ತು ಷರತ್ತುಗಳನ್ನು ಬರೆದ ಠರಾವಿನ ಮೂಲಕವೇ ಆಗಬೇಕು. 30 ದಿನದೊಳಗೆ ನೇಮಕ, ರಾಜೀನಾಮೆ ತಿಳಿಸುವ ನಮೂನೆ ಡಿಐಆರ್-12 ಸಲ್ಲಿಸಬೇಕು. ಡೈರೆಕ್ಟರ್‌ಗಳು ಮತ್ತು ಪ್ರಮುಖ ಅಧಿಕಾರಿಗಳ ರಿಜಿಸ್ಟರ್‌ನಲ್ಲಿ ಹೆಸರು ಏರಬೇಕು. ಪೂರ್ಣಾವಧಿ ಸಿಎಸ್ ಆದವರು ಅಂಗಸಂಸ್ಥೆ ಬಿಟ್ಟು ಬೇರೆ ಕಂಪನಿಯಲ್ಲಿ ಅದೇ ಹೊತ್ತಿಗೆ ಹುದ್ದೆ ಹಿಡಿಯುವಂತಿಲ್ಲ.

ಬೆಂಗಳೂರಿನಲ್ಲೋ ಹೈದರಾಬಾದಿನಲ್ಲೋ ಕೂತು ಹೆಸರು ಮಾತ್ರ ಕೊಡಿ, ತಿಂಗಳಿಗಿಷ್ಟು ತಗೊಳ್ಳಿ ಎಂಬ ಆಫರ್ ಬಂದೇ ಬರುತ್ತದೆ. ಒಪ್ಪಬೇಡಿ. ಹೆಸರು ಕೊಟ್ಟವರು ಕಾನೂನಿನ ಕಣ್ಣಿಗೆ ಹೊಣೆ ಹೊತ್ತ ಅಧಿಕಾರಿ. ಒಂದು ವೇಳೆ ಕಾರ್ಖಾನೆಯಲ್ಲಿ ಏನು ನಡೆಯುತ್ತಿದೆ ಎಂದೇ ಗೊತ್ತಿಲ್ಲದಿದ್ದರೂ ಹೊಣೆ ತಪ್ಪುವುದಿಲ್ಲ.

ನೇಮಕದ ಷರತ್ತಿನಲ್ಲಿ ಎರಡು ಸಾಲು ಸೇರಿಸಿಕೊಳ್ಳಿ. ಒಂದು, ನೀವು ಬೋರ್ಡಿಗೆ ನೇರವಾಗಿ ವರದಿ ಮಾಡುವವರು. ಎರಡು, ಸಾಲ, ಆಸ್ತಿ, ಷೇರು ಮತ್ತು ಸಂಬಂಧಿಕರ ಜೊತೆಗಿನ ವ್ಯವಹಾರದ ಪ್ರಸ್ತಾಪಗಳು ಕರಾರಿಗೆ ಮುಂಚೆ ನಿಮ್ಮ ಮೇಜಿಗೆ ಬರಬೇಕು. ಎರಡನೆಯದನ್ನು ಓದಿ ಮಾಲೀಕರು ಹುಬ್ಬೇರಿಸಿದರೆ ಆಗಲೇ ಮಾತಾಡಿ ಮುಗಿಸುವುದು ಸುಲಭ. ಸೇರಿದ ಮೇಲೆ ಆ ಮಾತು ತೆಗೆಯುವುದು ಕಷ್ಟ.

ಹಂತ 3: ಹಳೆಯ ಕಡತ ತೆಗೆಯಿರಿ

ಮೊದಲ ಕೆಲವು ವಾರ ಹೊಸದೇನನ್ನೂ ಮಾಡದೆ ಹಳೆಯದನ್ನು ಓದಿ. ರೆಕಾರ್ಡ್ ರೂಮ್ ಅನ್ನುವುದು ಗೋಡೌನಿನ ಅಟ್ಟದ ಮೇಲಿರಬಹುದು, ಏಪ್ರಿಲ್ ಮಧ್ಯಾಹ್ನ ಅಲ್ಲಿಗೆ ಹೋಗುವ ಸಾಹಸ ಮಾಡಬೇಡಿ. ಗೆದ್ದಲು ಹಿಡಿದ ಮಿನಿಟ್ಸ್ (ಸಭೆಯ ನಡಾವಳಿ) ಪುಸ್ತಕ ಸಿಕ್ಕರೂ ಎಸೆಯಬೇಡಿ, ಸ್ಕ್ಯಾನ್ ಮಾಡಿಸಿ.

ಒಂದು ಕಡೆ ಕೇಂದ್ರದ ಕಂಪನಿ ವ್ಯವಹಾರಗಳ ಸಚಿವಾಲಯದ (ಎಂಸಿಎ) ಪೋರ್ಟಲಿನಲ್ಲಿ ಕಂಪನಿ ಇದುವರೆಗೆ ಸಲ್ಲಿಸಿದ ಎಲ್ಲ ನಮೂನೆ ಇಳಿಸಿಕೊಳ್ಳಿ. ಇನ್ನೊಂದು ಕಡೆ ಸದಸ್ಯರ ರಿಜಿಸ್ಟರ್, ಷೇರು ಸರ್ಟಿಫಿಕೇಟ್, ಹಕ್ಕು ವರ್ಗಾವಣೆಯ ಎಸ್‌ಎಚ್-4, ಚಾರ್ಜ್ (ಸಾಲಕ್ಕೆ ಅಡವಿಟ್ಟ ಆಸ್ತಿಯ) ರಿಜಿಸ್ಟರ್ ಮತ್ತು ಮಿನಿಟ್ಸ್ ಇಡಿ. ಎರಡನ್ನೂ ತಾಳೆ ಹಾಕಿ. ಪೋರ್ಟಲಿನಲ್ಲಿ ಒಬ್ಬರು, ರಿಜಿಸ್ಟರ್‌ನಲ್ಲಿ ಇನ್ನೊಬ್ಬರು ಷೇರುದಾರರಾಗಿದ್ದರೆ ಅಲ್ಲಿಂದಲೇ ನಾಳಿನ ಜಗಳ ಹುಟ್ಟುತ್ತದೆ.

ಈ ಸೀಮೆಯಲ್ಲಿ ವಿಶೇಷವಾಗಿ ನೋಡಬೇಕಾದ್ದು ಕೆಲವು ಇವೆ. ತೀರಿಕೊಂಡ ಅಜ್ಜನ ಹೆಸರಿನಲ್ಲೇ ಷೇರು ಉಳಿದಿರುತ್ತದೆ. ಮಕ್ಕಳು ಲಾಭ ಹಂಚಿಕೊಂಡಿರುತ್ತಾರೆ, ಹಕ್ಕು ವರ್ಗಾಯಿಸಿಕೊಂಡಿರುವುದಿಲ್ಲ. ತೀರಿಸಿದ ಸಾಲದ ಚಾರ್ಜ್ ಪೋರ್ಟಲಿನಲ್ಲಿ ಹಾಗೇ ತೆರೆದಿರುತ್ತದೆ. ಬ್ಯಾಂಕಿನಿಂದ ಸಾಲ ತೀರಿದ ಪತ್ರ ತಂದವರು ಚಾರ್ಜ್ ಮುಗಿದದ್ದನ್ನು ತಿಳಿಸುವ ಸಿಎಚ್‌ಜಿ-4 ಹಾಕುವುದನ್ನು ಮರೆತಿರುತ್ತಾರೆ, ಹೊಸ ಬ್ಯಾಂಕು ಸಾಲ ಕೊಡುವ ಮುಂಚೆ ಅದನ್ನೇ ಎತ್ತಿ ತೋರಿಸುತ್ತದೆ. ನೋಂದಾಯಿತ ಕಚೇರಿ ಹಳೆಯ ಬಜಾರಿನ ಅಡತಿ ಅಂಗಡಿಯ ವಿಳಾಸದಲ್ಲೇ ಇರುತ್ತದೆ. ಆ ಅಂಗಡಿಯನ್ನು ಮಾರಿ ಕಾಲವಾಗಿರುತ್ತದೆ, ನೋಟಿಸು ಮಾತ್ರ ಅಲ್ಲಿಗೇ ಹೋಗುತ್ತಿರುತ್ತದೆ.

ನೋಂದಾಯಿತ ಕಚೇರಿಯ ಹೆಸರಿನ ಫಲಕವನ್ನೂ ಒಮ್ಮೆ ನೋಡಿ. ಕಲಂ 12ರ ಪ್ರಕಾರ ಕಂಪನಿಯ ಹೆಸರು, ವಿಳಾಸ ಹೊರಗಡೆ ಕಾಣುವಂತೆ ಇರಬೇಕು, ಆ ಊರಿನಲ್ಲಿ ಬಳಕೆಯಲ್ಲಿರುವ ಭಾಷೆಯ ಲಿಪಿಯಲ್ಲೂ ಇರಬೇಕು. ಬರೀ ಇಂಗ್ಲಿಷ್ ಬೋರ್ಡ್ ಹಾಕಿದ ಕಂಪನಿ ಕಂಪನಿ ಕಾಯ್ದೆಯನ್ನೇ ಮೀರಿದೆ ಎಂದು ಹೇಳಿದರೆ ಹಲವು ಮಾಲೀಕರು ನಂಬುವುದಿಲ್ಲ. ಕಲಂ ತೆಗೆದು ತೋರಿಸಿ. ಪೇಂಟರ್ ಕರೆಸಿದರೆ ಮುಗಿಯುವ ಕೆಲಸ, ನಿಮ್ಮ ಮೊದಲ ಗೆಲುವೂ ಆಗುತ್ತದೆ.

ಷೇರುಗಳ ಡಿಮ್ಯಾಟ್, ಅಂದರೆ ಕಾಗದದ ಷೇರನ್ನು ಎಲೆಕ್ಟ್ರಾನಿಕ್ ರೂಪಕ್ಕೆ ತರುವ ಬಗ್ಗೆ ಒಂದು ಮಾತು. 2023ರ ಅಕ್ಟೋಬರ್ 27ರಂದು ಬಂದ ನಿಯಮ 9ಬಿ ಪ್ರಕಾರ ಸಣ್ಣ ಕಂಪನಿ ಅಲ್ಲದ ಪ್ರೈವೇಟ್ ಕಂಪನಿಗಳೂ ಷೇರನ್ನು ಡಿಮ್ಯಾಟ್ ಮಾಡಬೇಕು. ಗಡುವನ್ನು ಒಮ್ಮೆ ಮುಂದೂಡಿ 2025ರ ಜೂನ್ 30ಕ್ಕೆ ತಂದರು, ಅದೂ ದಾಟಿದೆ. ಪ್ರವರ್ತಕರ ಮತ್ತು ಡೈರೆಕ್ಟರ್‌ಗಳ ಷೇರು ಇನ್ನೂ ಕಾಗದದಲ್ಲಿದ್ದರೆ ಕಂಪನಿ ಹೊಸ ಷೇರು ಕೊಡಲಾಗದು, ಕಾಗದದ ಷೇರನ್ನು ಯಾರೂ ಬೇರೆಯವರಿಗೆ ವರ್ಗಾಯಿಸಲಾಗದು. ಅಜ್ಜನ ಷೇರಿನ ಕಥೆಯೂ ಇದರ ಜೊತೆಗೇ ಬಿಚ್ಚಿಕೊಳ್ಳುತ್ತದೆ. ಮನೆಯವರಿಗೆಲ್ಲ ಡಿಮ್ಯಾಟ್ ಖಾತೆ ತೆರೆಸುವುದಕ್ಕೇ ತಿಂಗಳುಗಳು ಬೇಕು, ಬೇಗ ಶುರುಮಾಡಿ.

ಹಂತ 4: ಕಂಡದ್ದನ್ನು ಬೋರ್ಡಿಗೆ ಬರೆದು ಕೊಡಿ, ಹಿಂದಿನ ತಾರೀಖು ಹಾಕಬೇಡಿ

ಕಲಂ 205 ಸಿಎಸ್‌ನ ಮೊದಲ ಕರ್ತವ್ಯವಾಗಿ ಹೇಳುವುದು ಇದನ್ನೇ: ಕಂಪನಿ ಕಾಯ್ದೆ ಮತ್ತು ಕಂಪನಿಗೆ ಅನ್ವಯಿಸುವ ಬೇರೆ ಕಾನೂನುಗಳ ಪಾಲನೆಯ ಬಗ್ಗೆ ಬೋರ್ಡಿಗೆ ವರದಿ ಮಾಡುವುದು. ಸೆಕ್ರೆಟೇರಿಯಲ್ ಸ್ಟಾಂಡರ್ಡ್‌ಗಳ (ಸಭೆ, ಮಿನಿಟ್ಸ್ ಹೇಗಿರಬೇಕು ಎನ್ನುವ ಮಾನದಂಡ) ಪಾಲನೆ ನೋಡಿಕೊಳ್ಳುವುದು ಅದರ ನಂತರ ಬರುತ್ತದೆ.

ಸಿಕ್ಕ ಕೊರತೆಗಳನ್ನು ಮೂರು ಗುಂಪು ಮಾಡಿ: ತಡವಾದ ಶುಲ್ಕ ಕಟ್ಟಿ ಈಗಲೇ ಸರಿಪಡಿಸಬಹುದಾದ್ದು, ಅಧಿಕಾರಿಯ ಮುಂದೆ ಅರ್ಜಿ ಹಾಕಿ ದಂಡ ಕಟ್ಟಿ ಮುಗಿಸಬೇಕಾದ್ದು, ವಕೀಲರ ಸಲಹೆ ಬೇಕಾದ್ದು. ಲೆಕ್ಕಪತ್ರದ ನಮೂನೆ ಎಒಸಿ-4, ವಾರ್ಷಿಕ ರಿಟರ್ನ್‌ನ ಎಂಜಿಟಿ-7 ತಡವಾದರೆ 2018ರ ಜುಲೈಯಿಂದ ಪ್ರತಿ ನಮೂನೆಗೆ ದಿನಕ್ಕೆ 100 ರೂ. ಹೆಚ್ಚುವರಿ ಶುಲ್ಕ, ಅದಕ್ಕೆ ಮೇಲ್ಮಿತಿ ಇಲ್ಲ. ಈ ಒಂದು ಲೆಕ್ಕವನ್ನು ಹಾಳೆಯ ಮೇಲೆ ಬರೆದು ತೋರಿಸಿದರೆ ಉಳಿದ ಮಾತಿಗೆ ಕಿವಿ ತೆರೆಯುತ್ತದೆ.

ಆಗ ಬರುವ ಸಲಹೆ ಏನೆಂದು ಈಗಲೇ ಹೇಳಿಬಿಡುತ್ತೇನೆ. "ಹಳೇದಕ್ಕೆಲ್ಲಾ ಹಳೇ ತಾರೀಖು ಹಾಕಿ ಮಿನಿಟ್ಸ್ ಬರ್ದುಬಿಡ್ರಿ, ಯಾರು ನೋಡ್ತಾರ?" ನೋಡುತ್ತಾರೆ. ಡಿಜಿಟಲ್ ಸಹಿಗೆ ಗಂಟೆ, ನಿಮಿಷ ಇರುತ್ತದೆ, ಸಭೆ ನಡೆಯಿತೆಂದು ಬರೆದ ದಿನ ಡೈರೆಕ್ಟರ್ ದುಬೈಯಲ್ಲಿದ್ದದ್ದಕ್ಕೆ ಪಾಸ್‌ಪೋರ್ಟ್ ಸಾಕ್ಷಿ ಹೇಳುತ್ತದೆ. ಮಿನಿಟ್ಸ್ ತಿದ್ದಿದರೆ ಕಲಂ 118ರ ಪ್ರಕಾರ 2 ವರ್ಷದವರೆಗೆ ಜೈಲು, ಜೊತೆಗೆ ದಂಡ. ಸುಳ್ಳು ಹೇಳಿಕೆಗೆ ಕಲಂ 448, ಅದು ಕಲಂ 447ರ ವಂಚನೆಯ ಶಿಕ್ಷೆಗೆ ಕರೆದೊಯ್ಯುತ್ತದೆ. ಇದನ್ನು ಹಿರಿಯರಿಗೆ ಹೆದರಿಸುವ ದನಿಯಲ್ಲಿ ಹೇಳಬೇಡಿ. "ಯಜಮಾನ್ರ, ತಪ್ಪಿಗೆ ದಂಡ ಕಟ್ಟಿದ್ರ ಮುಗೀತದ. ಸುಳ್ಳಿಗೆ ಕೇಸ್ ಆಗ್ತದ, ಅದ್ರಾಗ ನಿಮ್ ಸಹಿನೂ ಇರ್ತದ" ಅಂದರೆ ಸಾಕು.

ಹಂತ 5: ಬೇರೆ ಕಾನೂನುಗಳ ಪಟ್ಟಿಯನ್ನೂ ಕೈಗೆ ತಗೊಳ್ಳಿ

ಕಲಂ 205 ಹೇಳುವ ಬೇರೆ ಕಾನೂನುಗಳು ಎಂಬುದು ನಮ್ಮ ಸೀಮೆಯಲ್ಲಿ ಸಣ್ಣ ವಿಷಯವಲ್ಲ. ಸ್ಪಾಂಜ್ ಐರನ್ ಕಾರ್ಖಾನೆಗೆ ಮಾಲಿನ್ಯ ನಿಯಂತ್ರಣ ಮಂಡಳಿಯ ಸಮ್ಮತಿ, ಕಾರ್ಖಾನೆ ಲೈಸೆನ್ಸ್, ಬಾಯ್ಲರ್ ಪ್ರಮಾಣಪತ್ರ, ಗುತ್ತಿಗೆ ಕಾರ್ಮಿಕರ ದಾಖಲೆ, ಪಿಎಫ್, ಇಎಸ್‌ಐ. ರೈಸ್ ಮಿಲ್ಲಿಗೆ ಆಹಾರ ಸುರಕ್ಷತೆಯ ಲೈಸೆನ್ಸ್ ಮತ್ತು ಎಪಿಎಂಸಿಯದು. ಸಮ್ಮತಿಯ ಅವಧಿ ಮುಗಿಯುವ ದಿನ ಪ್ಲಾಂಟ್ ಮ್ಯಾನೇಜರ್‌ಗೆ ಗೊತ್ತಿರುತ್ತದೆ, ಬೋರ್ಡಿಗೆ ಗೊತ್ತಿರುವುದಿಲ್ಲ. ಆದರೆ ಎಲ್ಲ ಕಾನೂನು ಪಾಲಿಸುವ ವ್ಯವಸ್ಥೆ ಇದೆ, ಅದು ಕೆಲಸ ಮಾಡುತ್ತಿದೆ ಎಂದು ಕಲಂ 134ರ ಅಡಿ ಪ್ರತಿವರ್ಷ ಬರೆದುಕೊಡುವವರು ಡೈರೆಕ್ಟರ್‌ಗಳೇ.

2011ರ ಜುಲೈ 29ರಂದು ಸುಪ್ರೀಂ ಕೋರ್ಟ್ ಬಳ್ಳಾರಿ ಜಿಲ್ಲೆಯ ಅದಿರು ಗಣಿಗಾರಿಕೆ ನಿಲ್ಲಿಸಿದ್ದು ಇಲ್ಲಿ ಯಾರಿಗೂ ಮರೆತಿಲ್ಲ. ಮುಂದೆ ಗಣಿಗಳನ್ನು ಎ, ಬಿ, ಸಿ ಎಂದು ವಿಂಗಡಿಸಿದಾಗ ಮೊದಲು ತೆರೆದದ್ದು ಉಲ್ಲಂಘನೆ ಇಲ್ಲದ ಅಥವಾ ತೀರ ಕಡಿಮೆ ಇದ್ದ ಎ ವರ್ಗ. ಗಡಿ, ಪರವಾನಗಿ, ನಕ್ಷೆ ನೆಟ್ಟಗಿಟ್ಟುಕೊಂಡವರ ಲಾರಿಗಳು ಮೊದಲು ಓಡಿದವು. ಕಡತ ಅಂದರೆ ಬರೀ ಕಾಗದ ಎಂದು ನಗುವ ಮಾಲೀಕರಿಗೆ ಬೇರೆ ಊರಿನ ಉದಾಹರಣೆ ಬೇಕಿಲ್ಲ.

ಪ್ರತಿ ವಿಭಾಗದ ಮುಖ್ಯಸ್ಥರಿಂದ ಮೂರು ತಿಂಗಳಿಗೊಮ್ಮೆ ಒಂದು ಪುಟದ ಪ್ರಮಾಣಪತ್ರ ತೆಗೆದುಕೊಳ್ಳಿ: ಯಾವ ಲೈಸೆನ್ಸ್, ಯಾವಾಗಿನವರೆಗೆ, ಯಾವ ನೋಟಿಸು ಬಂದಿದೆ. ಅವನ್ನೆಲ್ಲ ಕೂಡಿಸಿ ನಿಮ್ಮದೊಂದು ವರದಿ ಮಾಡಿ ಬೋರ್ಡಿನ ಮುಂದಿಡಿ. ಬಂದ ನೋಟಿಸನ್ನು ಮುಚ್ಚಿಟ್ಟ ಮ್ಯಾನೇಜರ್ ಎರಡನೇ ಸಲ ಮುಚ್ಚಿಡುವುದಿಲ್ಲ.

ಹಂತ 6: ಬೋರ್ಡ್ ಸಭೆಯನ್ನು ನಿಜವಾಗಿ ನಡೆಸಿ

ಇಡೀ ಮಾರ್ಗದರ್ಶಿಯಲ್ಲಿ ಹೆಚ್ಚು ಹೊತ್ತು ಕೊಡಬೇಕಾದ ಜಾಗ ಇದು. ಲೆಕ್ಕ ಸುಲಭ: ವರ್ಷಕ್ಕೆ ಕನಿಷ್ಠ ನಾಲ್ಕು ಸಭೆ, ಎರಡು ಸಭೆಗಳ ನಡುವೆ 120 ದಿನ ಮೀರಬಾರದು. 7 ದಿನ ಮುಂಚೆ ಲಿಖಿತ ನೋಟಿಸು, ಅದರ ಜೊತೆಗೇ ಅಜೆಂಡಾ ಮತ್ತು ಟಿಪ್ಪಣಿ. ಕೋರಂ (ಸಭೆಗೆ ಬೇಕಾದ ಕನಿಷ್ಠ ಹಾಜರಿ) ಡೈರೆಕ್ಟರ್‌ಗಳ ಒಟ್ಟು ಸಂಖ್ಯೆಯ ಮೂರನೇ ಒಂದು ಭಾಗ ಅಥವಾ ಇಬ್ಬರು, ಯಾವುದು ಹೆಚ್ಚೋ ಅದು. ಎಸ್‌ಎಸ್-1 ಸ್ಟಾಂಡರ್ಡ್ ಪ್ರಕಾರ ಕರಡು ಮಿನಿಟ್ಸ್ 15 ದಿನದೊಳಗೆ ಡೈರೆಕ್ಟರ್‌ಗಳಿಗೆ ಹೋಗಬೇಕು, ಅವರು 7 ದಿನದೊಳಗೆ ಅಭಿಪ್ರಾಯ ಹೇಳಬೇಕು, 30 ದಿನದೊಳಗೆ ಮಿನಿಟ್ಸ್ ಪುಸ್ತಕಕ್ಕೆ ಏರಬೇಕು.

ಕಷ್ಟ ಇರುವುದು ಒಂದೇ ಮನೆಯಲ್ಲಿ ಇರುವವರನ್ನು ಸಭೆಯಲ್ಲಿ ಕೂರಿಸುವುದರಲ್ಲಿ. "ದಿನಾ ಮಾತಾಡ್ತೀವಲ್ರೀ, ಮತ್ಯಾಕ ನೋಟಿಸು?" ಎಂದು ಕೇಳುತ್ತಾರೆ. ಅವರ ಮಾತಿನಲ್ಲಿ ತಪ್ಪಿಲ್ಲ. ಆದರೆ ದಿನದ ಮಾತಿನಲ್ಲಿ ತಮ್ಮ "ಹ್ಞೂಂ" ಅಂದದ್ದು ಒಪ್ಪಿಗೆಯೋ, ಅಣ್ಣನ ಮುಂದೆ ಸುಮ್ಮನಾದದ್ದೋ ಮುಂದೆ ಯಾರಿಗೂ ನೆನಪಿರುವುದಿಲ್ಲ. ಊಟದ ಮನೆಯಲ್ಲಿ ನಿರ್ಧಾರ ಮಾಡಿ ತಿಂಗಳ ಮೇಲೆ ಸಭೆ ಕರೆಯುವುದು ಮದುವೆ ಮುಗಿಸಿ ಜಾತಕ ಕೂಡಿಸಿದಂತೆ.

ನನ್ನ ಸಲಹೆ: ವರ್ಷದ ನಾಲ್ಕೂ ದಿನಾಂಕಗಳನ್ನು ಏಪ್ರಿಲ್‌ನಲ್ಲೇ ಗೊತ್ತುಮಾಡಿ. ಹಿಂಗಾರು ಹೊತ್ತಿನ ಭತ್ತದ ಖರೀದಿ, ಬೇಸಿಗೆ ಬೆಳೆಯ ಆವಕ, ಮನೆದೇವರ ಜಾತ್ರೆ ಇವೆಲ್ಲ ಬಿಟ್ಟು ದಿನ ಹಿಡಿಯಿರಿ. ಖರೀದಿ ಭರದಲ್ಲಿ ಕರೆದ ಸಭೆಗೆ ಡೈರೆಕ್ಟರ್ ಬಂದರೂ ಅವರ ಕಿವಿ ಕಾಟಾದ ಮೇಲಿರುವ ಲಾರಿಯ ಕಡೆಗೇ ಇರುತ್ತದೆ.

ಅಜೆಂಡಾ ಟಿಪ್ಪಣಿಯನ್ನು ಕನ್ನಡದಲ್ಲೂ ಕೊಡಿ. ಇಂಗ್ಲಿಷ್ ಠರಾವಿಗೆ ಕಣ್ಣು ಮುಚ್ಚಿ ಸಹಿ ಮಾಡುವ ಹಿರಿಯರು, ಸಹಿಗಾಗಿ ಮಾತ್ರ ಡೈರೆಕ್ಟರ್ ಆದ ಮನೆಯ ಹೆಣ್ಣುಮಕ್ಕಳು ಇಲ್ಲಿ ಅಪರೂಪವಲ್ಲ. ಓದದೆ ಸಹಿ ಮಾಡಿದರೂ ಹೊಣೆ ಪೂರ್ತಿ ಅವರದೇ. ಒಂದು ಪುಟದ ಕನ್ನಡ ಟಿಪ್ಪಣಿಗೆ ನಿಮಗೆ ಹಿಡಿಯುವುದು ಅರ್ಧ ಗಂಟೆ. ಮಾದರಿಗೆ ಒಂದು:

"ವಿಷಯ 6. ಕಾರಟಗಿಯ ಗೋಡೌನ್ ಬಾಡಿಗೆ. ಗೋಡೌನಿನ ಮಾಲೀಕರು ಎಂಡಿಯವರ ತಾಯಿ. ಆದ್ದರಿಂದ ಇದು ಸಂಬಂಧಿತ ವ್ಯಕ್ತಿಯ ಜೊತೆಗಿನ ವ್ಯವಹಾರ. ಕೇಳಿರುವ ಬಾಡಿಗೆ ಮತ್ತು ಅದೇ ರಸ್ತೆಯ ಬೇರೆ ಮೂರು ಗೋಡೌನುಗಳ ಬಾಡಿಗೆ ಕರಾರಿನ ನಕಲು ಲಗತ್ತಿಸಿದೆ. ಬೋರ್ಡ್ ತೀರ್ಮಾನಿಸಬೇಕಾದ್ದು: ಈ ಜಾಗ ಬೇಕೇ, ಬಾಡಿಗೆ ಮಾರುಕಟ್ಟೆ ದರದಲ್ಲಿದೆಯೇ, ಅವಧಿ ಎಷ್ಟು. ಹಿತಾಸಕ್ತಿ ಇರುವ ಡೈರೆಕ್ಟರ್‌ಗಳು ಸಭೆಯಲ್ಲಿ ಅದನ್ನು ತಿಳಿಸಬೇಕು."

ಇಂಥ ಟಿಪ್ಪಣಿ ಮುಂದಿದ್ದರೆ ಚರ್ಚೆ ತಾನೇ ಹುಟ್ಟುತ್ತದೆ. ಮೂರು ಗೋಡೌನಿನ ಬಾಡಿಗೆ ಕಣ್ಣೆದುರಿಗಿರುವಾಗ ಎರಡು ಪಟ್ಟು ಕೇಳುವವರು ಕಡಿಮೆ.

ಮಿನಿಟ್ಸ್ ಬರೆಯುವಾಗ "ಚರ್ಚಿಸಿ ಅಂಗೀಕರಿಸಲಾಯಿತು" ಎಂಬ ಒಂದೇ ಸಾಲಿಗೆ ನಿಲ್ಲಬೇಡಿ. ಯಾವ ಕಾಗದ ಮುಂದಿತ್ತು, ಯಾವ ಪ್ರಶ್ನೆ ಬಂತು, ಯಾಕೆ ಒಪ್ಪಿದರು, ಯಾರು ಒಪ್ಪಲಿಲ್ಲ ಇವಿಷ್ಟು ಇರಲಿ. ಮಾತುಮಾತಿನ ವರದಿ ಬೇಡ. ಒಪ್ಪದವರ ಹೆಸರು ಬರೆಯುವಾಗ ಮನೆಯೊಳಗೆ ಮುನಿಸು ಬರಬಹುದು. ಆದರೂ ಬರೆಯಿರಿ. ಮುಂದೆ ಆ ವ್ಯವಹಾರ ಕೆಟ್ಟರೆ ಒಪ್ಪದವರನ್ನು ಕಾಯುವುದು ಆ ಸಾಲೇ, ಅದು ಅವರ ಹಕ್ಕು.

ತುರ್ತು ವಿಷಯಕ್ಕೆ ವಿಡಿಯೊ ಸಭೆ ಇದೆ, ಸಭೆ ಸೇರದೆ ಕರಡು ಕಳಿಸಿ ಒಪ್ಪಿಗೆ ಪಡೆಯುವ ಸುತ್ತೋಲೆ ಠರಾವು ಇದೆ. ಆದರೆ ಸಾಲ ಪಡೆಯುವುದು, ಹಣ ತೊಡಗಿಸುವುದು, ಲೆಕ್ಕಪತ್ರ ಒಪ್ಪುವುದು ಮುಂತಾದ ಕಲಂ 179(3)ರ ವಿಷಯಗಳನ್ನು ಸುತ್ತೋಲೆಯಲ್ಲಿ ಮುಗಿಸಲಾಗದು. ವಾಟ್ಸ್‌ಆ್ಯಪ್ ಗುಂಪಿನಲ್ಲಿ ಹೆಬ್ಬೆರಳು ಎತ್ತಿದ್ದು ಠರಾವು ಆಗುವುದಿಲ್ಲ.

ಹಂತ 7: ಮನೆಯ ಹಣ, ಕಂಪನಿಯ ಹಣ ಬೇರೆ ಮಾಡಿ

ಪ್ರತಿ ಆರ್ಥಿಕ ವರ್ಷದ ಮೊದಲ ಬೋರ್ಡ್ ಸಭೆಯಲ್ಲಿ ಎಲ್ಲ ಡೈರೆಕ್ಟರ್‌ಗಳಿಂದ ಎಂಬಿಪಿ-1 ಪಡೆಯಿರಿ: ಯಾವ ಕಂಪನಿ, ಯಾವ ಪಾಲುದಾರಿಕೆ ಫರ್ಮ್, ಯಾವುದರಲ್ಲಿ ಹಿತಾಸಕ್ತಿ. ನಮ್ಮ ಕಡೆ ಒಂದೇ ಮನೆತನಕ್ಕೆ ಅಡತಿ ಫರ್ಮ್, ಸಾರಿಗೆ ಫರ್ಮ್, ಪೆಟ್ರೋಲ್ ಬಂಕ್ ಎಲ್ಲ ಇರುತ್ತವೆ. ಫರ್ಮುಗಳ ಹೆಸರು ತುಂಬದೆ ಬರೀ ಕಂಪನಿಗಳನ್ನು ತುಂಬಿ ಕೊಡುತ್ತಾರೆ. ಜಿಎಸ್‌ಟಿ ಖರೀದಿ ಪಟ್ಟಿ ಎದುರಿಗಿಟ್ಟುಕೊಂಡು ಕೇಳಿ, ಬಿಟ್ಟುಹೋದ ಹೆಸರುಗಳು ನೆನಪಾಗುತ್ತವೆ.

ಸಂಬಂಧಿತ ವ್ಯಕ್ತಿಯ ಜೊತೆಗಿನ ವ್ಯವಹಾರ ಮಾಮೂಲಿ ವ್ಯಾಪಾರದ್ದಾಗಿದ್ದು, ದರವೂ ಹೊರಗಿನವರಿಗೆ ಕೊಡುವಷ್ಟೇ ಇದ್ದರೆ ಕಲಂ 188ರ ಒಪ್ಪಿಗೆ ಬೇಕಿಲ್ಲ. ಆದರೆ ಎರಡೂ ಹೌದು ಎಂದು ತೋರಿಸುವ ಕಾಗದ ನಿಮ್ಮ ಬಳಿ ಇರಬೇಕು. ಯಾವುದೇ ಒಂದು ಇಲ್ಲದಿದ್ದರೆ ಬೋರ್ಡ್ ಠರಾವು ಬೇಕು. ಸರಕಿನ ಖರೀದಿ, ಮಾರಾಟ ವಹಿವಾಟಿನ ಶೇ. 10 ಮುಟ್ಟಿದರೆ ಷೇರುದಾರರ ಒಪ್ಪಿಗೆಯೂ ಬೇಕು. ಪ್ರೈವೇಟ್ ಕಂಪನಿಗೆ 2015ರ ಜೂನ್ 5ರ ಅಧಿಸೂಚನೆ ಕೆಲವು ಸಡಿಲಿಕೆ ಕೊಟ್ಟಿದೆ, ಹಿತಾಸಕ್ತಿ ತಿಳಿಸಿದ ಡೈರೆಕ್ಟರ್ ಸಭೆಯಲ್ಲಿ ಪಾಲ್ಗೊಳ್ಳಬಹುದು. ಹಾಗಿದ್ದರೂ ಆ ವಿಷಯ ಬಂದಾಗ ಅವರು ಎದ್ದು ಹೊರಗೆ ಹೋಗುವ ಪದ್ಧತಿ ಹಾಕುವುದು ಒಳ್ಳೆಯದು. ಮಗನ ಮುಂದೆ ಅವನ ಲಾರಿ ಬಾಡಿಗೆ ಹೆಚ್ಚಾಯಿತೆಂದು ಹೇಳುವ ದೊಡ್ಡಪ್ಪ ಸಿಗುವುದು ಕಷ್ಟ.

ಮನೆಯವರು ಕಂಪನಿಗೆ ಕೊಡುವ ಹಣಕ್ಕೂ ಕ್ರಮ ಇದೆ. ಪ್ರೈವೇಟ್ ಕಂಪನಿಯಲ್ಲಿ ಡೈರೆಕ್ಟರ್ ಅಥವಾ ಅವರ ಸಂಬಂಧಿ ಕೊಟ್ಟ ಸಾಲ ಠೇವಣಿ ಅನ್ನಿಸಿಕೊಳ್ಳುವುದಿಲ್ಲ. ಷರತ್ತು ಏನೆಂದರೆ, ಆ ಹಣ ಬೇರೆಯವರಿಂದ ಸಾಲ ತಂದದ್ದಲ್ಲ ಎಂದು ಹಣ ಕೊಡುವ ಹೊತ್ತಿಗೇ ಬರೆದುಕೊಡಬೇಕು. ಈ ಒಂದು ಪುಟ ಇಲ್ಲದ ಕಂಪನಿಗಳೇ ಹೆಚ್ಚು. ಮಾರ್ಚ್ 31ಕ್ಕೆ ಬಾಕಿ ಇರುವ ಇಂಥ ಮೊತ್ತಗಳನ್ನು ಜೂನ್ 30ರೊಳಗೆ ಡಿಪಿಟಿ-3 ನಮೂನೆಯಲ್ಲಿ ತೋರಿಸಬೇಕು. ಉಲ್ಟಾ ದಿಕ್ಕಿನಲ್ಲಿ, ಮದುವೆಗೋ ಚುನಾವಣೆಗೋ ಕಂಪನಿಯಿಂದ ಡೈರೆಕ್ಟರ್ ಹಣ ಎತ್ತಿದರೆ, ಡೈರೆಕ್ಟರ್‌ಗೆ ಸಾಲ ಕೊಡುವುದನ್ನು ತಡೆಯುವ ಕಲಂ 185 ಅಡ್ಡ ಬರುತ್ತದೆ. ಪ್ರೈವೇಟ್ ಕಂಪನಿಗೆ ವಿನಾಯಿತಿ ಇದ್ದರೂ ಷರತ್ತುಗಳಿವೆ, ಬ್ಯಾಂಕ್ ಸಾಲ ದೊಡ್ಡದಿರುವ ಕಂಪನಿಗೆ ಅದು ದಕ್ಕುವುದು ಅನುಮಾನ. "ಇಂಪ್ರೆಸ್ಟ್ ಖಾತೆ" (ಖರ್ಚಿಗೆ ಕೊಟ್ಟ ಮುಂಗಡ) ಎಂದು ಹೆಸರು ಬದಲಿಸಿದರೆ ಆಡಿಟರ್ ನೋಡದೆ ಬಿಡಬಹುದು, ನೀವು ಬಿಡಬೇಡಿ.

ಹಂತ 8: ವರ್ಷದ ಗಡುವುಗಳು

ಇಲ್ಲಿ ಬೇಗ ಹೋಗೋಣ, ಇದು ಕ್ಯಾಲೆಂಡರಿನ ಕೆಲಸ. ಸಣ್ಣ, ಅತಿಸಣ್ಣ ಪೂರೈಕೆದಾರರ ಬಿಲ್ 45 ದಿನ ಮೀರಿ ಬಾಕಿ ಇದ್ದರೆ ಎಂಎಸ್‌ಎಂಇ-1 ನಮೂನೆ, ಏಪ್ರಿಲ್ 30 ಮತ್ತು ಅಕ್ಟೋಬರ್ 31ಕ್ಕೆ. ಚೀಲ, ಬಿಡಿಭಾಗ ಕೊಡುವ ಊರಿನ ಸಣ್ಣ ವ್ಯಾಪಾರಿಗಳನ್ನು ತಿಂಗಳುಗಟ್ಟಲೆ ಅಲೆಸುವ ಕಂಪನಿಗಳಿಗೆ ಇದು ಚುರುಕು ಮುಟ್ಟಿಸುತ್ತದೆ. ಹೊಸ ಸಾಲಕ್ಕೆ ಅಡಮಾನ ಬರೆದ 30 ದಿನದೊಳಗೆ ಸಿಎಚ್‌ಜಿ-1. ವಾರ್ಷಿಕ ಮಹಾಸಭೆ ಸೆಪ್ಟೆಂಬರ್ 30ರೊಳಗೆ, ಅದರಿಂದ 30 ದಿನಕ್ಕೆ ಎಒಸಿ-4, 60 ದಿನಕ್ಕೆ ಎಂಜಿಟಿ-7. ಬಂಡವಾಳ 10 ಕೋಟಿ ಅಥವಾ ವಹಿವಾಟು 50 ಕೋಟಿ ಮುಟ್ಟಿದ ಕಂಪನಿಯ ವಾರ್ಷಿಕ ರಿಟರ್ನ್‌ಗೆ ಪ್ರಾಕ್ಟೀಸಿಂಗ್ ಸಿಎಸ್‌ರ ಎಂಜಿಟಿ-8 ಪ್ರಮಾಣಪತ್ರ ಬೇಕು. ಡಿಮ್ಯಾಟ್ ಆದ ಕಂಪನಿಗೆ ಅರ್ಧವರ್ಷಕ್ಕೊಮ್ಮೆ ಷೇರು ಬಂಡವಾಳದ ಲೆಕ್ಕ ತಾಳೆಯ ನಮೂನೆ ಪಿಎಎಸ್-6.

ಮಹಾಸಭೆಗೆ 21 ಪೂರ್ತಿ ದಿನಗಳ ನೋಟಿಸು, ನೋಟಿಸು ಕಳಿಸಿದ ದಿನ ಮತ್ತು ಸಭೆಯ ದಿನ ಇದರಲ್ಲಿ ಸೇರುವುದಿಲ್ಲ. ಬೆಳಿಗ್ಗೆ 9ರಿಂದ ಸಂಜೆ 6ರ ನಡುವೆ, ನೋಂದಾಯಿತ ಕಚೇರಿ ಇರುವ ಊರಿನಲ್ಲೇ ನಡೆಸಬೇಕು. ಬೆಂಗಳೂರಿನ ಹೋಟೆಲಿನಲ್ಲಿ ಮಾಡೋಣ ಅಂದರೆ ಎಲ್ಲ ಸದಸ್ಯರ ಮುಂಗಡ ಒಪ್ಪಿಗೆ ಬೇಕು, ಅದೂ ಷೇರುಪೇಟೆಯಲ್ಲಿಲ್ಲದ ಕಂಪನಿಗೆ ಮಾತ್ರ.

ಹಂತ 9: ರೈತ ಉತ್ಪಾದಕ ಕಂಪನಿಯಾದರೆ

ರಾಯಚೂರು, ಕೊಪ್ಪಳದ ತೊಗರಿ, ಮೆಣಸಿನಕಾಯಿ, ದಾಳಿಂಬೆ ರೈತರ ಉತ್ಪಾದಕ ಕಂಪನಿಗಳಿಗೆ ಲೆಕ್ಕ ಬೇರೆ. ಅಲ್ಲಿ ಬಂಡವಾಳ ನೋಡುವುದಿಲ್ಲ. ಸತತ ಮೂರು ಆರ್ಥಿಕ ವರ್ಷ ಸರಾಸರಿ ವಾರ್ಷಿಕ ವಹಿವಾಟು 5 ಕೋಟಿ ರೂ. ದಾಟಿದರೆ ಪೂರ್ಣಾವಧಿ ಸಿಎಸ್ ಬೇಕು ಎನ್ನುತ್ತದೆ ಕಲಂ 378ಎಕ್ಸ್. ರೈತರಿಂದ ತೊಗರಿ ಕೊಂಡು ಮಾರುವ ಕಂಪನಿಗೆ 5 ಕೋಟಿ ವಹಿವಾಟು ದೊಡ್ಡದೇನಲ್ಲ, ಲಾಭ ಮಾತ್ರ ಅಷ್ಟಿರುವುದಿಲ್ಲ. ಹಾಗಾಗಿ ಸಿಎಸ್ ಸಂಬಳ ಹೇಗೆ ಕೊಡುವುದು ಎಂಬ ಪ್ರಶ್ನೆ ನ್ಯಾಯವಾದದ್ದೇ. ಈ ಮಿತಿ ಇಂದಿನ ದರಗಳಿಗೆ ಹೊಂದುವುದಿಲ್ಲ ಅನ್ನುವುದು ನನ್ನ ಅಭಿಪ್ರಾಯ, ಆದರೆ ಕಾನೂನು ಇರುವವರೆಗೆ ಪಾಲಿಸಲೇಬೇಕು.

ಅಲ್ಲಿ ಒಬ್ಬ ಸದಸ್ಯರಿಗೆ ಒಂದೇ ಮತ, ಷೇರು ಎಷ್ಟೇ ಇರಲಿ. ಡೈರೆಕ್ಟರ್‌ಗಳು 5ರಿಂದ 15. ಮಹಾಸಭೆಗೆ ಒಟ್ಟು ಸದಸ್ಯರ ನಾಲ್ಕನೇ ಒಂದು ಭಾಗ ಕೋರಂ, 14 ದಿನದ ನೋಟಿಸು. ಸಾವಿರ ಸದಸ್ಯರಿದ್ದರೆ 250 ಜನ ಬರಬೇಕು ಎಂದರ್ಥ. ಬಿತ್ತನೆಯ ದಿನ ಸಭೆ ಇಟ್ಟವರಿಗೆ ಕೋರಂ ಸಿಗುವುದಿಲ್ಲ.

ಹಂತ 10: ಅಣ್ಣತಮ್ಮಂದಿರು ಬೇರೆಯಾದಾಗ, ನೀವು ಇಲ್ಲ ಅನ್ನಬೇಕಾದಾಗ

ಪಾಲು ಕೇಳುವ ದಿನ ಬಂದೇ ಬರುತ್ತದೆ. ಎರಡೂ ಕಡೆಯವರು ನಿಮ್ಮ ಮೇಜಿಗೆ ಬಂದು ಕಡತ ಕೇಳುತ್ತಾರೆ. ಯಾರಿಗೆ ಏನು ಕೊಡಬೇಕು ಎಂಬುದನ್ನು ಕಾನೂನೇ ಹೇಳಿದೆ: ಮಹಾಸಭೆಯ ಮಿನಿಟ್ಸ್ ಮತ್ತು ಸದಸ್ಯರ ರಿಜಿಸ್ಟರ್ ನೋಡುವುದು ಯಾವುದೇ ಷೇರುದಾರರ ಹಕ್ಕು. ಬೋರ್ಡ್ ಮಿನಿಟ್ಸ್ ಡೈರೆಕ್ಟರ್‌ಗಳಿಗೆ ಮಾತ್ರ, ಷೇರುದಾರರಿಗಲ್ಲ. ಸಂಬಳ ಯಾರ ಕೈಯಿಂದ ಬರುತ್ತದೆ ಎಂದು ನೋಡಿ ಇದನ್ನು ಬದಲಿಸಬೇಡಿ. ಷೇರು ಬಂಡವಾಳದ ಹತ್ತನೇ ಒಂದು ಭಾಗ ಹೊಂದಿದವರು ದಬ್ಬಾಳಿಕೆ, ಕೆಟ್ಟ ಆಡಳಿತದ ದೂರು ಹಿಡಿದು ಕಲಂ 241ರ ಅಡಿ ಕಂಪನಿ ನ್ಯಾಯಮಂಡಳಿಯ (ಎನ್‌ಸಿಎಲ್‌ಟಿ) ಬೆಂಗಳೂರು ಪೀಠಕ್ಕೆ ಹೋಗಬಹುದು. ಹೋದರೆ ಮೊದಲು ತರಿಸಿ ನೋಡುವ ಕಾಗದ ನೀವು ಬರೆದ ಮಿನಿಟ್ಸ್.

ಡೈರೆಕ್ಟರ್‌ಗಳ ಡಿಜಿಟಲ್ ಸಹಿಯ ಟೋಕನ್‌ಗಳೆಲ್ಲ ನಿಮ್ಮ ಡ್ರಾವರಿನಲ್ಲಿ ಇವೆಯೇ? ಇಂದೇ ಹಿಂದಿರುಗಿಸಿ, ಕೈಗೆ ಕೊಟ್ಟದ್ದಕ್ಕೆ ಸಹಿ ಪಡೆಯಿರಿ. ಅನುಕೂಲಕ್ಕೆಂದು ಇಟ್ಟುಕೊಂಡ ಟೋಕನ್‌ನಿಂದ ಒಬ್ಬ ತಮ್ಮನ ರಾಜೀನಾಮೆ ಪೋರ್ಟಲಿಗೆ ಹೋದರೆ, ಒತ್ತಿದವರು ಯಾರು ಎಂದು ಕೇಳುವುದು ನಿಮ್ಮನ್ನೇ. ಮಾಹಿತಿ ತಂತ್ರಜ್ಞಾನ ಕಾಯ್ದೆಯೂ ಸಹಿಯ ಕೀ ಅದರ ಒಡೆಯರ ಹಿಡಿತದಲ್ಲೇ ಇರಬೇಕು ಎನ್ನುತ್ತದೆ.

ಕಾನೂನಿಗೆ ಹೊಂದದ ಕೆಲಸ ಹೇಳಿದಾಗ ಮೊದಲು ಖಾಸಗಿಯಾಗಿ, ಪರ್ಯಾಯ ದಾರಿಯ ಜೊತೆ ಹೇಳಿ. ಕೇಳದಿದ್ದರೆ ಒಂದು ಪುಟದ ಟಿಪ್ಪಣಿ ಬರೆದು ಎಂಡಿಗೆ ಕೊಡಿ, ಅದನ್ನು ಮುಂದಿನ ಬೋರ್ಡ್ ಸಭೆಯ ಅಜೆಂಡಾಕ್ಕೆ ಸೇರಿಸಿ. ಅದಕ್ಕೂ ಬಗ್ಗದಿದ್ದರೆ ಕೆಲಸ ಬಿಡಿ. ಬಿಡುವಾಗ ರಾಜೀನಾಮೆಯಲ್ಲಿ "ವೈಯಕ್ತಿಕ ಕಾರಣ" ಎಂದು ಬರೆಯಲು ಒತ್ತಾಯ ಬರುತ್ತದೆ. ನಿಜವಾದ ಕಾರಣವನ್ನು ಸಭ್ಯ ಮಾತಿನಲ್ಲಿ ಬರೆಯಿರಿ. 30 ದಿನದೊಳಗೆ ಡಿಐಆರ್-12 ಹೋಗಿದೆಯೇ ಎಂದು ಪೋರ್ಟಲಿನಲ್ಲಿ ನೀವೇ ನೋಡಿಕೊಳ್ಳಿ, ಅಲ್ಲಿಯವರೆಗೆ ದಾಖಲೆಯಲ್ಲಿ ನೀವೇ ಸಿಎಸ್. ಖಾಲಿ ಜಾಗ ತುಂಬಲು ಬೋರ್ಡಿಗೆ 6 ತಿಂಗಳು ಸಮಯವಿದೆ. ಮುಂದೆ ಬರುವವರಿಗಾಗಿ ರಿಜಿಸ್ಟರ್, ಮಿನಿಟ್ಸ್, ಬಾಕಿ ಗಡುವು, ಬಾಕಿ ನೋಟಿಸುಗಳ ಪಟ್ಟಿ ಮಾಡಿ, ಎರಡು ಪ್ರತಿ ತೆಗೆದು, ಒಂದಕ್ಕೆ ಎಂಡಿಯವರ ಸಹಿ ಪಡೆದು ನಿಮ್ಮ ಬಳಿ ಇಟ್ಟುಕೊಳ್ಳಿ.